ಕುಲಕರ್ಣಿ ಎಂಬ ಅಡ್ಡಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ ಕಡೆಯ ಯಾವ ಶಾಲೆಯ ಹಾಜರಿ ಪುಸ್ತಕ ತೆಗೆದರೂ ಒಬ್ಬರಾದರೂ ಕುಲಕರ್ಣಿ ಸಿಗುತ್ತಾರೆ. ಪುಣೆ, ಸೊಲ್ಲಾಪುರಕ್ಕೆ ಹೋದರೆ ಇನ್ನೂ ಜಾಸ್ತಿ. ಈ ಹೆಸರಿನವರೂ ಈ ಹೆಸರಿನ ಮನೆಗೆ ಸೊಸೆಯಾಗಿ ಬಂದವರೂ, ಪಕ್ಕದ ಮನೆಯವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಕೆಲವು ಉತ್ತರ ಉದ್ದ ಇವೆ, ಯಾಕೆಂದರೆ ವಿಷಯವೇ ಹಾಗಿದೆ.

ಕುಲಕರ್ಣಿ ಅಂದರೆ ಏನು?

ಊರಿನ ಲೆಕ್ಕ ಬರೆಯುವವನು. ಯಾವ ಹೊಲ ಯಾರದು, ಎಷ್ಟು ದೊಡ್ಡದು, ಯಾರು ಎಷ್ಟು ಕಂದಾಯ ಕೊಡಬೇಕು, ಎಷ್ಟು ಕೊಟ್ಟರು, ಎಷ್ಟು ಬಾಕಿ ಉಳಿಯಿತು, ಇದನ್ನೆಲ್ಲ ಬರೆದಿಡುವ ಹುದ್ದೆ ಅದು. ಆ ಹುದ್ದೆಗೆ ಕುಲಕರ್ಣಿಕೆ ಅಥವಾ ಕುಲಕರ್ಣಿಕಿ ಅಂತ ಹೆಸರು. ಅಪ್ಪನಿಂದ ಮಗನಿಗೆ ಬರುತ್ತಿದ್ದ ಹುದ್ದೆಯಾದ್ದರಿಂದ ಕೆಲಸದ ಹೆಸರೇ ಮನೆತನದ ಹೆಸರಾಗಿ ನಿಂತುಬಿಟ್ಟಿತು.

ಈ ಮಾತು ಹೇಗೆ ಹುಟ್ಟಿತು? ಅದು ಕುಲವೋ, ಕುಳವೋ?

ಎರಡನೇ ಭಾಗದ ಬಗ್ಗೆ ಜಗಳ ಇಲ್ಲ. ಕರಣ, ಕರಣಿಕ ಅಂದರೆ ಲೆಕ್ಕ ಬರೆಯುವವನು. ಕನ್ನಡದ ಹಳೆಯ ಶಾಸನಗಳಲ್ಲಿ ಕರಣಿಕರು ಬೇಕಾದಷ್ಟು ಸಿಗುತ್ತಾರೆ. ಬಸವಣ್ಣನವರು ಮೊದಲು ಮಂಗಳವಾಡದಲ್ಲಿ ಬಿಜ್ಜಳನ ಭಂಡಾರದ ಕರಣಿಕರಾಗಿದ್ದರು ಅನ್ನುವ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ತೆಲುಗಿನ ಕರಣಂ, ಒಡಿಶಾದ ಕರಣರು, ಎಲ್ಲ ಇದೇ ಬಳ್ಳಿಯ ಕಾಯಿಗಳು.

ಮೊದಲ ಭಾಗದಲ್ಲಿ ಎರಡು ವಾದ ಇವೆ. ಕುಲ ಅಂದರೆ ಮನೆತನ, ಹಾಗಾಗಿ ಮನೆತನಗಳ ಲೆಕ್ಕ ಇಡುವವನು ಅಂತ ಕೆಲವರು ಹೇಳುತ್ತಾರೆ. ಕುಳ ಅಂದರೆ ಕಂದಾಯ ಕಟ್ಟುವ ರೈತ, ಹಾಗಾಗಿ ರೈತರ ಲೆಕ್ಕ ಇಡುವವನು ಅನ್ನುವುದು ಇನ್ನೊಂದು ವಾದ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಮರಾಠಿಯಲ್ಲಿ ಇವತ್ತಿಗೂ ಕುಳ ಅಂದರೆ ಗೇಣಿದಾರ. ಮುಂಬೈ ಪ್ರಾಂತದ 1948ರ ಗೇಣಿ ಕಾಯಿದೆಯನ್ನು ಅಲ್ಲಿನ ಜನ ಕರೆಯುವುದೇ ಕುಳ ಕಾಯದಾ ಅಂತ. ಕನ್ನಡದಲ್ಲೂ ಕುಳ ಅಂದರೆ ಸರ್ಕಾರಕ್ಕೆ ತೆರಿಗೆ ಕೊಡುವ ಆಸಾಮಿ. ಒಬ್ಬೊಬ್ಬ ರೈತನ ಜೊತೆ ನೇರವಾಗಿ ಕಂದಾಯ ಗೊತ್ತುಮಾಡುವ ಪದ್ಧತಿಗೆ ಕುಳವಾರು ಅಂತ ಹೆಸರಿತ್ತು. ದುಡ್ಡಿರುವವರನ್ನು ನೋಡಿ "ಭಾರಿ ಕುಳ" ಅನ್ನುತ್ತೇವಲ್ವಾ, ಅದೂ ಇದೇ ಕುಳ. ಮರಾಠಿಯಲ್ಲಿ ಕೆಲವು ಮನೆತನದವರು ತಮ್ಮ ಹೆಸರನ್ನು ಈಗಲೂ ಕುಳಕರ್ಣಿ ಅಂತ ಳಕಾರ ಹಾಕಿಯೇ ಬರೆಯುತ್ತಾರೆ.

ಹಾಗಾದರೆ ಇದು ಮರಾಠಿ ಹೆಸರಾ, ಕನ್ನಡ ಹೆಸರಾ?

ಎರಡೂ ಕಡೆಯದು. ಮರಾಠಿ ಮಾತಾಡುವ ಕುಲಕರ್ಣಿಗಳಷ್ಟೇ ಸಹಜವಾಗಿ ಕನ್ನಡ ಮನೆಮಾತಿನ ಕುಲಕರ್ಣಿಗಳೂ ಇದ್ದಾರೆ. ಕೃಷ್ಣಾ, ಭೀಮಾ, ಮಲಪ್ರಭಾ ನದಿಗಳ ಸೀಮೆ ನೂರಾರು ವರ್ಷ ಒಂದೇ ಆಡಳಿತದಲ್ಲಿತ್ತು. ಬಹಮನಿ, ಆದಿಲಶಾಹಿ, ಆಮೇಲೆ ಪೇಶ್ವೆ, ಆಮೇಲೆ ಬ್ರಿಟಿಷರ ಮುಂಬೈ ಪ್ರಾಂತ. ಒಂದೇ ಆಡಳಿತ ಇದ್ದಾಗ ಹುದ್ದೆಯ ಹೆಸರೂ ಒಂದೇ ಇರುತ್ತದೆ.

ವಿಜಯಪುರದ ಮೊದಲ ಇಬ್ರಾಹಿಂ ಆದಿಲಶಾಹ 16ನೇ ಶತಮಾನದ ನಡುವಿನಲ್ಲಿ ಸರ್ಕಾರಿ ಲೆಕ್ಕವನ್ನು ಪಾರ್ಸಿಯಿಂದ ದೇಶಿ ಭಾಷೆಗೆ, ಅಂದರೆ ಮರಾಠಿಗೆ ಬದಲಿಸಿದ. ಸ್ಥಳೀಯ ಬರಹಗಾರರಿಗೆ ಅದರಿಂದ ಬಾಗಿಲು ತೆರೆಯಿತು. ಕನ್ನಡ ಊರುಗಳಲ್ಲೂ ದಫ್ತರದ ಬರಹ ಮೋಡಿಯಲ್ಲಿ, ಅಂದರೆ ಮರಾಠಿಯ ಹಳೆಯ ಓಟದ ಲಿಪಿಯಲ್ಲಿ, ನಡೆದದ್ದರ ಹಿಂದೆ ಇಂಥ ಇತಿಹಾಸ ಇದೆ. ಮನೆಯಲ್ಲಿ ಕನ್ನಡ, ಪುಸ್ತಕದಲ್ಲಿ ಮೋಡಿ. ಇದು ಆ ಕಾಲದ ಬಹಳಷ್ಟು ಕುಲಕರ್ಣಿ ಮನೆಗಳ ಪದ್ಧತಿ.

ಕುಲಕರ್ಣಿಗೆ ದಿನಾ ಏನು ಕೆಲಸ ಇರುತ್ತಿತ್ತು?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬರೀ "ಲೆಕ್ಕ ಬರೆಯುತ್ತಿದ್ದ" ಅಂದರೆ ಏನೂ ಗೊತ್ತಾಗುವುದಿಲ್ಲ.

ಊರಿನ ಪ್ರತಿಯೊಂದು ಹೊಲದ ಗುರುತು ಅವನ ಪುಸ್ತಕದಲ್ಲಿ ಇರಬೇಕಿತ್ತು. ಮಳೆಗಾಲದಲ್ಲಿ ಯಾವ ಬೆಳೆ ಬಿತ್ತಿದರು, ಹಿಂಗಾರಿಗೆ ಏನು ಹಾಕಿದರು, ಯಾವುದು ಬೀಳು ಬಿತ್ತು, ಎಲ್ಲ. ಕಂದಾಯದ ಕಂತು ಬಂದಾಗ ಗೌಡ ವಸೂಲಿ ಮಾಡುತ್ತಿದ್ದ, ಕುಲಕರ್ಣಿ ಪಕ್ಕದಲ್ಲಿ ಕೂತು ಪಾವತಿ ಬರೆಯುತ್ತಿದ್ದ. ಜಮಾಬಂದಿಗೆ, ಅಂದರೆ ವರ್ಷದ ಕಂದಾಯದ ತಪಾಸಣೆಗೆ, ಮೇಲಿನ ಅಧಿಕಾರಿ ಬಂದರೆ ಇಡೀ ಊರಿನ ಲೆಕ್ಕ ಒಪ್ಪಿಸಬೇಕು. ಹೊಲ ಮಾರಿದರೆ, ಒತ್ತೆ ಇಟ್ಟರೆ, ಅಣ್ಣತಮ್ಮಂದಿರು ಹಿಸೆಯಾದರೆ ಕಾಗದ ಬರೆಯಲು ಊರಲ್ಲಿ ಅಕ್ಷರ ಬಲ್ಲವನು ಹೆಚ್ಚಾಗಿ ಅವನೊಬ್ಬನೇ. ಪತ್ರ ಬಂದರೆ ಓದಿ ಹೇಳುವುದೂ ಅವನೇ.

ಊರಲ್ಲಿ ವತನದ, ಅಂದರೆ ವಂಶದ ಹುದ್ದೆ ಮತ್ತು ಅದರ ಜಮೀನಿನ, ತಕರಾರು ಎದ್ದರೆ ಎಲ್ಲರೂ ಸೇರಿ ಪಂಚಾಯಿತಿ ಮಾಡಿ ತೀರ್ಮಾನದ ಕಾಗದ ಬರೆಸುತ್ತಿದ್ದರು. ಸೇರಿದವರು ತಮ್ಮ ಕಸುಬಿನ ಸಲಕರಣೆಯ ಚಿತ್ರವನ್ನೇ ಸಹಿಯಾಗಿ ಹಾಕುತ್ತಿದ್ದರು. ಪಾಟೀಲನ ಹೆಸರಿನ ಮುಂದೆ ನೇಗಿಲು. ಕುಲಕರ್ಣಿಯ ಮುಂದೆ ಲೇಖಣಿ. ಹಳೆಯ ಮರಾಠಿ ಕಾಗದಪತ್ರಗಳಲ್ಲಿ ಈ ಗುರುತುಗಳನ್ನು ನೋಡುವುದೇ ಒಂದು ಖುಷಿ. ಒಂದೇ ಹಾಳೆಯಲ್ಲಿ ಇಡೀ ಊರು ಸಾಲಾಗಿ ನಿಂತ ಹಾಗಿರುತ್ತದೆ.

ಪುಸ್ತಕ ಅಂದಾಗ ಈಗಿನ ರೆಜಿಸ್ಟರ್ ನೆನಪಾಗಬಾರದು. ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿ ಇಡುತ್ತಿದ್ದರು. ಆ ಗಂಟಿಗೆ ದಫ್ತರ ಅಥವಾ ರುಮಾಲು ಅಂತ ಹೆಸರು. ಮೈಸೂರು ಸೀಮೆಯಲ್ಲಿ ಕಡತ ಬಳಕೆಯಲ್ಲಿತ್ತು. ದಪ್ಪ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಸವರಿ, ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದು. ಕಚೇರಿಯಲ್ಲಿ ಈಗಲೂ ಫೈಲಿಗೆ ಕಡತ ಅನ್ನುತ್ತೇವೆ, ಹೆಸರು ಅಲ್ಲಿಂದ ಬಂದದ್ದು.

ಇನ್ನೊಂದು ವಿಷಯ. ಈ ದಫ್ತರ ಇರುತ್ತಿದ್ದದ್ದು ಕುಲಕರ್ಣಿಯ ಮನೆಯಲ್ಲೇ. ಬೇರೆ ಕಚೇರಿ ಇರಲಿಲ್ಲ. ಇಡೀ ಊರಿನ ಆಸ್ತಿ ಯಾರದು ಅಂತ ಹೇಳುವ ಕಾಗದ ಒಬ್ಬರ ಮನೆಯ ನಾಗಂದಿಗೆ ಮೇಲೆ ಇದ್ದರೆ ಏನೇನು ಆಗಬಹುದು ಅಂತ ನೀವೇ ಯೋಚಿಸಿ. ಅದರ ಬಗ್ಗೆ ಕೆಳಗೆ ಬರುತ್ತದೆ.

ಸಂಬಳ ಎಷ್ಟಿತ್ತು?

ಈಗಿನ ಅರ್ಥದ ಸಂಬಳ ಇರಲಿಲ್ಲ. ವತನ ಇತ್ತು. ಅಂದರೆ ಕೆಲಸಕ್ಕೆ ಪ್ರತಿಯಾಗಿ ಕಂದಾಯ ಇಲ್ಲದ ಅಥವಾ ಕಡಿಮೆ ಕಂದಾಯದ ಇನಾಮು ಜಮೀನು, ಜೊತೆಗೆ ಸುಗ್ಗಿಯಲ್ಲಿ ರೈತರು ಕೊಡುವ ಕಾಳಿನ ಪಾಲು, ಹಬ್ಬದಲ್ಲಿ ಮಾನ. ಬ್ರಿಟಿಷರ ಕಾಲದಲ್ಲಿ ಕೆಲವು ಕಡೆ ಪೋಟಗಿ ಅಂತ ನಗದು ಹಣವೂ ಸೇರಿತು.

ಕನ್ನಡ ನಾಡಿನ ಊರುಗಳಲ್ಲಿ ಹೀಗೆ ಸುಗ್ಗಿಯ ಪಾಲು ಪಡೆಯುವವರಿಗೆ ಆಯಗಾರರು ಅಂತ ಹೆಸರು. ಪಟ್ಟಿಯಲ್ಲಿ ಸಾಮಾನ್ಯವಾಗಿ 12 ಜನ: ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ. ಊರಿಂದ ಊರಿಗೆ ಒಂದಿಬ್ಬರು ಬದಲಾಗುತ್ತಾರೆ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಉತ್ತರ ಕರ್ನಾಟಕದ ಅರ್ಧಕ್ಕರ್ಧ ಅಡ್ಡಹೆಸರುಗಳು ಇಲ್ಲೇ ಇವೆ. ತಳವಾರ, ಜೋಶಿ, ಕಮ್ಮಾರ, ಬಡಿಗೇರ, ಕುಂಬಾರ, ಮಡಿವಾಳರ, ಪತ್ತಾರ. ಕುಲಕರ್ಣಿ ಈ ಸಾಲಿನಲ್ಲಿ ಒಂದು, ಅಷ್ಟೇ.

ಪಾಟೀಲ, ದೇಸಾಯಿ, ದೇಶಪಾಂಡೆ ಇವರಿಗೂ ಕುಲಕರ್ಣಿಗೂ ಏನು ಸಂಬಂಧ?

ಎರಡು ಮೆಟ್ಟಿಲು ಅಂದುಕೊಳ್ಳಿ. ಕೆಳಗಿನ ಮೆಟ್ಟಿಲು ಊರು. ಅಲ್ಲಿ ಯಜಮಾನ ಗೌಡ ಅಥವಾ ಪಾಟೀಲ, ಬರಹಗಾರ ಕುಲಕರ್ಣಿ. ಮೇಲಿನ ಮೆಟ್ಟಿಲು ಪರಗಣ, ಅಂದರೆ ಹತ್ತಾರು ಊರುಗಳ ಗುಂಪು. ಅಲ್ಲಿ ಯಜಮಾನ ದೇಸಾಯಿ ಅಥವಾ ದೇಶಮುಖ, ಬರಹಗಾರ ದೇಶಪಾಂಡೆ. ಕನ್ನಡದ ಹಳೆಯ ಹೆಸರುಗಳಲ್ಲಿ ಹೇಳಬೇಕೆಂದರೆ ನಾಡಗೌಡ ಮತ್ತು ನಾಡಿಗ.

ಇದೇ ಕಚೇರಿ ಕುಟುಂಬದ ಬೇರೆ ಹೆಸರುಗಳೂ ಇವೆ. ಪತ್ರ ಬರೆಯುವವನು ಚಿಟ್ನಿಸ, ಲೆಕ್ಕದ ಹಾಳೆ ಬರೆಯುವವನು ಫಡಣವೀಸ, ನಾಣ್ಯ ಪರೀಕ್ಷಿಸುವವನು ಪೋತದಾರ, ಇನಾಮು ಪಡೆದವನು ಇನಾಮದಾರ. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ರಾಯಚೂರು, ಕೊಪ್ಪಳ ಕಡೆ ಊರಗೌಡಿಕೆಯನ್ನೇ ಎರಡು ಮಾಡಿದ್ದರು. ಕಂದಾಯ ನೋಡುವವನು ಮಾಲಿಪಾಟೀಲ, ಕಾವಲು ನೋಡುವವನು ಪೊಲೀಸ್ ಪಾಟೀಲ. ಇವೆರಡೂ ಈಗ ಅಡ್ಡಹೆಸರುಗಳು. ಪೊಲೀಸ್ ಪಾಟೀಲ ಅನ್ನುವವರು ಪೊಲೀಸ್ ಇಲಾಖೆಯಲ್ಲಿ ಇರಬೇಕು ಅಂತ ಬೆಂಗಳೂರಿನವರು ತಿಳಿದುಕೊಂಡರೆ ಅವರ ತಪ್ಪೇನಿಲ್ಲ.

ಶಾನುಭೋಗ ಮತ್ತು ಕುಲಕರ್ಣಿ ಒಂದೇನಾ?

ಕೆಲಸ ಒಂದೇ, ಸೀಮೆ ಬೇರೆ. ಹಳೆ ಮೈಸೂರಿನಲ್ಲಿ ಶಾನುಭೋಗ ಅಥವಾ ಶ್ಯಾನುಭೋಗ. ಶಾಸನಗಳ ಕೊನೆಯಲ್ಲಿ "ಸೇನಬೋವ ಇಂಥವನು ಬರೆದ" ಅಂತ ಬರುತ್ತದಲ್ಲ, ಆ ಸೇನಬೋವನೇ ಶಾನುಭೋಗ ಆದದ್ದು. ಕರಾವಳಿಯಲ್ಲಿ ಶಾನಭಾಗ ಆಗಿ ಅಡ್ಡಹೆಸರಾಯಿತು. ಆಂಧ್ರದಲ್ಲಿ ಕರಣಂ, ತಮಿಳುನಾಡಿನಲ್ಲಿ ಕಣಕ್ಕುಪಿಳ್ಳೈ, ಉತ್ತರ ಭಾರತ ಮತ್ತು ನಿಜಾಮರ ಸೀಮೆಯಲ್ಲಿ ಪಟವಾರಿ, ಗುಜರಾತಿನಲ್ಲಿ ತಲಾಟಿ.

ಹಳೆ ಮೈಸೂರಿನಲ್ಲಿ ಶಾನುಭೋಗ ಅನ್ನುವ ಅಡ್ಡಹೆಸರು ಯಾಕೆ ಅಷ್ಟು ಕಾಣುವುದಿಲ್ಲ?

ಅಲ್ಲಿ ಊರಿಗೊಬ್ಬ ಶಾನುಭೋಗರು ಇದ್ದೇ ಇದ್ದರು. ಅಡ್ಡಹೆಸರಿನ ಪದ್ಧತಿ ಮಾತ್ರ ಬಲವಾಗಿ ಇರಲಿಲ್ಲ. ಊರಿನ ಹೆಸರು, ಅಪ್ಪನ ಹೆಸರು ಇವುಗಳ ಮೊದಲ ಅಕ್ಷರ ಹಾಕಿ ತಮ್ಮ ಹೆಸರು ಬರೆದರೆ ಮುಗಿಯಿತು. ಮುಂಬೈ ಪ್ರಾಂತದಲ್ಲಿ ಹಾಗಲ್ಲ. ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಅನ್ನುವುದು ಶಾಲೆಯಿಂದ ಕೋರ್ಟಿನವರೆಗೆ ರೂಢಿ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬೈ ಕಡೆಗೇ ಇದ್ದವು. ಹಾಗಾಗಿ ಹುಬ್ಬಳ್ಳಿಯ ಲೆಕ್ಕಿಗನ ಮೊಮ್ಮಗ ಕುಲಕರ್ಣಿ ಆದ. ತುಮಕೂರಿನ ಲೆಕ್ಕಿಗನ ಮೊಮ್ಮಗನ ಹೆಸರಿನ ಮೊದಲು ಎರಡು ಅಕ್ಷರ ಉಳಿದವು. "ಶಾನುಭೋಗರ ಮನೆ" ಅನ್ನುವುದು ಊರವರ ಬಾಯಲ್ಲಿ ಮಾತ್ರ ಇತ್ತು.

ಕುಲಕರ್ಣಿ ಅಂದರೆ ಒಂದು ಜಾತಿಯಾ?

ಅಲ್ಲ. ಅದು ಹುದ್ದೆ. ಈ ಹುದ್ದೆಯಲ್ಲಿ ಬ್ರಾಹ್ಮಣರು ಜಾಸ್ತಿ ಇದ್ದರು, ಅದರಲ್ಲೂ ದೇಶಸ್ಥರು, ಅನ್ನುವುದು ನಿಜ. ದೇಶಸ್ಥರಲ್ಲಿ ಮಾಧ್ವರೂ ಇದ್ದಾರೆ, ಸ್ಮಾರ್ತರೂ ಇದ್ದಾರೆ. ಕರ್ಹಾಡೆ ಮತ್ತು ಸಾರಸ್ವತ ಕುಲಕರ್ಣಿಗಳೂ ಇದ್ದಾರೆ. ಕೊಂಕಣದ ಕೆಲವು ಕಡೆ ಬ್ರಾಹ್ಮಣರಲ್ಲದ ಚಾಂದ್ರಸೇನೀಯ ಕಾಯಸ್ಥ ಪ್ರಭುಗಳು ಈ ಕೆಲಸ ಮಾಡುತ್ತಿದ್ದರು. ಆದ್ದರಿಂದ ಹೆಸರು ನೋಡಿದ ತಕ್ಷಣ ಊಟದ ಎಲೆ, ಮಠ, ಮಾತೃಭಾಷೆ ಎಲ್ಲ ಊಹಿಸುವ ಅಭ್ಯಾಸ ಬಿಡುವುದು ಒಳ್ಳೆಯದು. ಪಾಟೀಲ ಹೆಸರಿನ ವಿಷಯದಲ್ಲಂತೂ ಈ ಊಹೆ ಇನ್ನೂ ಕೆಡುತ್ತದೆ. ಲಿಂಗಾಯತ, ಮರಾಠ, ಜೈನ, ಮುಸ್ಲಿಂ, ಬ್ರಾಹ್ಮಣ, ಎಲ್ಲರಲ್ಲೂ ಪಾಟೀಲರಿದ್ದಾರೆ.

ಇಬ್ಬರು ಕುಲಕರ್ಣಿಗಳು ಸಂಬಂಧಿಕರೇ ಆಗಿರುತ್ತಾರಾ? ಮದುವೆ ಆಗಬಹುದಾ?

ಊರಿಗೊಂದು ಕುಲಕರ್ಣಿಕೆ ಇತ್ತು. ಸಾವಿರಾರು ಊರು, ಸಾವಿರಾರು ಮನೆತನ. ಹಾಗಾಗಿ ಹೆಸರು ಒಂದೇ ಅನ್ನುವ ಕಾರಣಕ್ಕೆ ಯಾವ ರಕ್ತಸಂಬಂಧವೂ ಇಲ್ಲ. ಗೋತ್ರ ಬೇರೆ ಇದ್ದರೆ ಕುಲಕರ್ಣಿ ಹುಡುಗಿ ಕುಲಕರ್ಣಿ ಹುಡುಗನನ್ನು ಆರಾಮಾಗಿ ಮದುವೆ ಆಗುತ್ತಾಳೆ. ಮದುವೆ ಆದ ಮೇಲೆ ಬ್ಯಾಂಕಿನಲ್ಲಿ, ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸುವ ಗೋಳೂ ಇರುವುದಿಲ್ಲ. ವಧೂವರರ ಮೇಳದಲ್ಲಿ ಹಿರಿಯರು "ಯಾವ ಊರಿನ ಕುಲಕರ್ಣ್ಯಾರು?" ಅಂತ ಮೊದಲು ಕೇಳುವುದು ಇದಕ್ಕೇ. ಅವರಿಗೆ ಬೇಕಿರುವುದು ಊರು, ಗೋತ್ರ, ಕುಲದೇವರು.

ಕೆಲವು ಮನೆತನಗಳಿಗೆ ಕುಲಕರ್ಣಿಕೆ ಸಿಗುವ ಮೊದಲು ಬೇರೆ ಹೆಸರು ಇತ್ತು. ಜೋಶಿಕಿ ಮತ್ತು ಕುಲಕರ್ಣಿಕಿ ಎರಡೂ ಒಂದೇ ಮನೆಗೆ ಇದ್ದ ಊರುಗಳಿವೆ. ಅಣ್ಣನ ಮಕ್ಕಳು ಜೋಶಿ, ತಮ್ಮನ ಮಕ್ಕಳು ಕುಲಕರ್ಣಿ ಆದದ್ದೂ ಉಂಟು.

ಊರವರು ಕುಲಕರ್ಣಿಗೆ ಹೆದರುತ್ತಿದ್ದರಂತೆ. ನಿಜಾನಾ?

ಹೆದರುತ್ತಿದ್ದರು, ಬೈಯುತ್ತಲೂ ಇದ್ದರು. ಈ ಹೆಸರಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ ಭಾಗ ಹಾರಿಸಿ ಹೋಗುತ್ತಾರೆ. ಹಾಗೆ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಓದು ಬಾರದ ಊರಿನಲ್ಲಿ ಓದು ಬಲ್ಲ ಒಂದೇ ಮನೆ. ಆಸ್ತಿಯ ಕಾಗದ ಅದೇ ಮನೆಯಲ್ಲಿ. ಅದೂ ಮೋಡಿಯಲ್ಲಿ, ಬೇರೆಯವರಿಗೆ ಓದಲು ಬಾರದ ಲಿಪಿಯಲ್ಲಿ. ಮೇಲಿಂದ ಹುದ್ದೆ ವಂಶಪಾರಂಪರ್ಯ, ತೆಗೆದುಹಾಕುವುದು ಕಷ್ಟ. ಪ್ರಾಮಾಣಿಕರು ಬಹಳ ಜನ ಇದ್ದರು. ಆದರೆ ಅವರು ಪ್ರಾಮಾಣಿಕರಾಗಿ ಇರಲೇಬೇಕು ಅನ್ನುವ ಒತ್ತಡ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಒಂದು ಗೆರೆ ಆಚೀಚೆ ಆದರೆ ರೈತನ ಹೊಲ ಹೋಗುತ್ತಿತ್ತು.

19ನೇ ಶತಮಾನದಲ್ಲಿ ಜೋತಿಬಾ ಫುಲೆಯವರು ರೈತರ ಕಷ್ಟದ ಬಗ್ಗೆ ಬರೆದಾಗ ಕುಲಕರ್ಣಿಗಳನ್ನು ನೇರವಾಗಿ ಹೆಸರಿಸಿ ಟೀಕಿಸಿದರು. ಕೊಲ್ಲಾಪುರದ ಶಾಹು ಮಹಾರಾಜರು 1918ರಲ್ಲಿ ತಮ್ಮ ಸಂಸ್ಥಾನದಲ್ಲಿ ಕುಲಕರ್ಣಿ ವತನ ತೆಗೆದು ತಲಾಟಿಗಳನ್ನು, ಅಂದರೆ ಸಂಬಳದ ಊರ ಲೆಕ್ಕಿಗರನ್ನು, ನೇಮಿಸಿದರು. ಆಗ ಎದ್ದ ಗದ್ದಲ ಸಣ್ಣದಲ್ಲ. ಇವತ್ತು ತಿರುಗಿ ನೋಡಿದರೆ ಶಾಹು ಮಹಾರಾಜರು ಮಾಡಿದ್ದನ್ನೇ ಮುಂದೆ ಹಲವು ರಾಜ್ಯಗಳೂ ಮಾಡಿದವು.

ಇನ್ನೊಂದು ಬಗೆಯ ಕಥೆಯೂ ಇದೆ. ಸಂತ ಜ್ಞಾನೇಶ್ವರರ ಹಿರಿಯರು ಪೈಠಣದ ಹತ್ತಿರದ ಆಪೇಗಾಂವದ ಕುಲಕರ್ಣಿಗಳು. 18ನೇ ಶತಮಾನದಲ್ಲಿ ಸಂತರ ಚರಿತ್ರೆ ಬರೆದ ಮಹಿಪತಿ ತಾಹರಾಬಾದಿನ ಕುಲಕರ್ಣಿ. ಒಮ್ಮೆ ಪೂಜೆಯ ನಡುವೆ ಅಧಿಕಾರಿಯ ಕರೆ ಬಂತಂತೆ. ಕೆಲಸ ಮುಗಿಸಿ ಬಂದವರು ಇನ್ನು ಮುಂದೆ ಈ ಲೇಖಣಿ ಸರ್ಕಾರಿ ಲೆಕ್ಕಕ್ಕಲ್ಲ, ಸಂತರ ಕಥೆಗೆ ಮಾತ್ರ ಅಂತ ಶಪಥ ಮಾಡಿದರು ಎಂದು ಹೇಳುತ್ತಾರೆ.

ಹುದ್ದೆ ಯಾವಾಗ ರದ್ದಾಯಿತು?

ಒಂದೇ ದಿನದಲ್ಲಿ ಅಲ್ಲ. ಬ್ರಿಟಿಷರು 1874ರಲ್ಲಿ ಮುಂಬೈ ಪ್ರಾಂತಕ್ಕೆ ವತನ ಕಾಯಿದೆ ತಂದು ಇದನ್ನೆಲ್ಲ ನಿಯಮದೊಳಗೆ ಹಾಕಿದರು. ಆಮೇಲೆ ನಿಧಾನವಾಗಿ ಸಂಬಳದ ತಲಾಟಿಗಳು ಬಂದರು. ಸ್ವಾತಂತ್ರ್ಯದ ನಂತರ ಮುಂಬೈ ಸರ್ಕಾರ 1950ರಲ್ಲಿ ಪರಗಣ ಮತ್ತು ಕುಲಕರ್ಣಿ ವತನ ರದ್ದತಿ ಕಾಯಿದೆ ಮಾಡಿತು. ಬೆಳಗಾವಿ, ಧಾರವಾಡ ಆಗ ಅದರ ಒಳಗೇ ಇದ್ದವು.

1960ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆಂಧ್ರದ ಒಂದು ಮೊಕದ್ದಮೆಯಲ್ಲಿ ದೊಡ್ಡ ತೀರ್ಪು ಕೊಟ್ಟಿತು. ಊರಿನ ಹುದ್ದೆಯೂ ಸರ್ಕಾರಿ ಹುದ್ದೆಯೇ, ವಂಶ ನೋಡಿ ಅದನ್ನು ಕೊಡುವುದು ಸಂವಿಧಾನದ 16ನೇ ವಿಧಿಗೆ ವಿರುದ್ಧ ಎಂದಿತು. ಮರುವರ್ಷವೇ ಮೈಸೂರು ರಾಜ್ಯ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ, 1961 ತಂದಿತು. ಅದು 1963ರ ಫೆಬ್ರವರಿ 1ರಿಂದ ಜಾರಿಯಾಯಿತು. ಪಟೇಲ, ಶಾನುಭೋಗ, ಎಲ್ಲ ವಂಶಪಾರಂಪರ್ಯ ಹುದ್ದೆಗಳೂ ಹೋದವು. ಕೆಲವರು ಕೋರ್ಟಿಗೆ ಹೋದರು, 1966ರಲ್ಲಿ ಸುಪ್ರೀಂ ಕೋರ್ಟ್ ಕಾಯಿದೆಯನ್ನು ಎತ್ತಿಹಿಡಿಯಿತು. ತಮಿಳುನಾಡಿನಲ್ಲಿ ಎಂ.ಜಿ.ಆರ್. 1980ರಲ್ಲಿ, ಆಂಧ್ರದಲ್ಲಿ ಎನ್.ಟಿ.ಆರ್. 1984ರಲ್ಲಿ ಇದೇ ಕೆಲಸ ಮಾಡಿದರು.

ಕರ್ನಾಟಕದಲ್ಲಿ ಆ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ, ಪರೀಕ್ಷೆ ಬರೆದು ಬರುತ್ತಾರೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಗೆ ಬೆಲೆ ಹೋಯಿತು.

ಕೆಲಸ ಹೋದ ಮೇಲೂ ಹೆಸರು ಯಾಕೆ ಉಳಿಯಿತು?

ಅಷ್ಟು ಹೊತ್ತಿಗೆ ಶಾಲೆ, ಮೆಟ್ರಿಕ್ ಸರ್ಟಿಫಿಕೇಟು, ನೌಕರಿ, ಎಲ್ಲದರಲ್ಲೂ ಹೆಸರು ಕೂತಾಗಿತ್ತು. ಲೆಕ್ಕ ಬರೆಯುವ ಮನೆಗಳು ಮಕ್ಕಳನ್ನು ಬೇಗ ಇಂಗ್ಲಿಷ್ ಶಾಲೆಗೆ ಕಳಿಸಿದವು. ಅವರು ಮೇಷ್ಟ್ರು, ವಕೀಲರು, ರೈಲ್ವೆ ಗುಮಾಸ್ತರು ಆಗಿ ಊರು ಬಿಟ್ಟರು. 1948ರಲ್ಲಿ ಗಾಂಧೀಜಿಯ ಹತ್ಯೆಯ ನಂತರ ಸಾತಾರಾ, ಸಾಂಗ್ಲಿ, ಕೊಲ್ಲಾಪುರ ಕಡೆ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು, ಆಗ ಹಲವು ಮನೆತನ ಹಳ್ಳಿ ತೊರೆದವು. 1974ರಲ್ಲಿ ಕರ್ನಾಟಕದ ಭೂಸುಧಾರಣೆ ಬಂದಾಗ ಗೇಣಿಗೆ ಕೊಟ್ಟ ಜಮೀನು ಉಳುವವರಿಗೆ ಹೋಯಿತು. ಹೊಲವೂ ಇಲ್ಲ, ದಫ್ತರವೂ ಇಲ್ಲ. ಹೆಸರು ಮಾತ್ರ ರೇಷನ್ ಕಾರ್ಡಿನಲ್ಲಿ ಬಂತು.

ಕಸುಬನ್ನೇ ಹೆಸರಾಗಿ ಇಟ್ಟುಕೊಳ್ಳುವುದು ಇಂಗ್ಲಿಷರಿಂದ ಕಲಿತದ್ದಾ?

ಸುಮ್ನೆ ಹೇಳುವ ಮಾತು ಅದು. 11, 12ನೇ ಶತಮಾನದ ಶರಣರ ಹೆಸರುಗಳನ್ನೇ ನೋಡಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಸುಂಕದ ಬಂಕಣ್ಣ, ಜೇಡರ ದಾಸಿಮಯ್ಯ. ನಮ್ಮಲ್ಲಿ ಕಸುಬು ಹೆಸರಿನ ಮೊದಲು ಇತ್ತು, ಮುಂಬೈ ಪ್ರಾಂತದ ರೂಢಿಯಲ್ಲಿ ಕೊನೆಗೆ ಹೋಯಿತು. ಇಂಗ್ಲಿಷರಲ್ಲಿ ಕ್ಲಾರ್ಕ್, ಜರ್ಮನರಲ್ಲಿ ಶ್ರೈಬರ್, ಇವೂ ಬರಹಗಾರನ ಹೆಸರುಗಳೇ. ಆದರೆ ಕ್ಲಾರ್ಕ್ ಮನೆತನಕ್ಕೆ ಒಂದು ಊರಿನ ಹಕ್ಕು, ಇನಾಮು ಜಮೀನು ಅಂತ ಇರಲಿಲ್ಲ.

ಈ ಹೆಸರು ಎಷ್ಟು ಜನಪ್ರಿಯ? ಯಾರು ಹೆಸರುವಾಸಿ?

ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ಅತಿ ಸಾಮಾನ್ಯ ಅಡ್ಡಹೆಸರುಗಳಲ್ಲಿ ಇದೂ ಒಂದು. ಗೋವಾ, ತೆಲಂಗಾಣ, ಮಧ್ಯಪ್ರದೇಶದಲ್ಲೂ ಇದೆ. ಐಟಿ ಕೆಲಸದ ದೆಸೆಯಿಂದ ಅಮೆರಿಕದಲ್ಲೂ ಪರಿಚಯದ ಹೆಸರಾಗಿದೆ. ಶ್ರೀ ಪ್ರೆಸ್ಟನ್ ಕುಲಕರ್ಣಿ ಅನ್ನುವವರು 2018 ಮತ್ತು 2020ರಲ್ಲಿ ಟೆಕ್ಸಸ್‌ನಿಂದ ಅಲ್ಲಿನ ಸಂಸತ್ತಿಗೆ ನಿಂತು ಸೋತರು.

ನಮ್ಮವರ ಪೈಕಿ ನನಗೆ ಮೊದಲು ನೆನಪಾಗುವವರು ಗಳಗನಾಥರು. ಪೂರ್ತಿ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, 1869ರಿಂದ 1942. ಕನ್ನಡಿಗರಿಗೆ ಕಾದಂಬರಿ ಓದುವ ಹುಚ್ಚು ಹಿಡಿಸಿದವರು, ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ಮಾರಿದವರು. ಅವರು ಕುಲಕರ್ಣಿ ಅಂತ ಎಷ್ಟು ಜನರಿಗೆ ಗೊತ್ತು? ಊರಿನ ಹೆಸರೇ ಅವರನ್ನು ನುಂಗಿಬಿಟ್ಟಿದೆ.

ಶಿಗ್ಗಾಂವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರ ತವರಿನ ಹೆಸರು ಕುಲಕರ್ಣಿ. ಅವರ ತಮ್ಮ ಶ್ರೀನಿವಾಸ ಕುಲಕರ್ಣಿ ಹುಬ್ಬಳ್ಳಿಯಲ್ಲಿ ಬೆಳೆದ ಖಗೋಳ ವಿಜ್ಞಾನಿ. 1982ರಲ್ಲಿ ಸೆಕೆಂಡಿಗೆ ಆರು ನೂರಕ್ಕೂ ಹೆಚ್ಚು ಸುತ್ತು ತಿರುಗುವ ಮೊದಲ ಮಿಲಿಸೆಕೆಂಡ್ ಪಲ್ಸಾರ್ ಎಂಬ ನಕ್ಷತ್ರವನ್ನು ಕಂಡುಹಿಡಿದ ತಂಡದಲ್ಲಿದ್ದರು. 2024ರಲ್ಲಿ ಅವರಿಗೆ ಖಗೋಳ ವಿಜ್ಞಾನದ ಶಾ ಪ್ರಶಸ್ತಿ ಬಂತು.

ಕ್ರಿಕೆಟಿನಲ್ಲಿ ನೀಲೇಶ ಕುಲಕರ್ಣಿ. 1997ರಲ್ಲಿ ಕೊಲಂಬೊದಲ್ಲಿ ಟೆಸ್ಟ್ ಜೀವನದ ಮೊದಲ ಚೆಂಡಿಗೇ ಮರ್ವನ್ ಅಟಪಟ್ಟು ಅವರ ವಿಕೆಟ್ ತೆಗೆದರು. ಹಾಗೆ ಮಾಡಿದ ಮೊದಲ ಭಾರತೀಯ. ಪಾಪ, ಆಮೇಲೆ ಆ ಇನಿಂಗ್ಸಿನಲ್ಲಿ ಇನ್ನೊಂದು ವಿಕೆಟ್ ಸಿಗಲಿಲ್ಲ. ಶ್ರೀಲಂಕಾ 6 ವಿಕೆಟ್‌ಗೆ 952 ಹೊಡೆಯಿತು, ಇವರ ಲೆಕ್ಕ 195ಕ್ಕೆ 1. ಸಿನಿಮಾದಲ್ಲಿ ಸೋನಾಲಿ ಕುಲಕರ್ಣಿ ಅಂತ ಇಬ್ಬರು ಮರಾಠಿ ನಟಿಯರೇ ಇದ್ದಾರೆ. ಹಿರಿಯವರು ಗಿರೀಶ ಕಾರ್ನಾಡರ ನಿರ್ದೇಶನದಲ್ಲಿ ಮೊದಲ ಹೆಜ್ಜೆ ಇಟ್ಟವರು.

ಬರೆಯುವುದು ಹೇಗೆ? ಕುಲಕರ್ಣಿ ಸರಿಯೋ, ಕುಲ್ಕರ್ಣಿ ಸರಿಯೋ?

ಕನ್ನಡದಲ್ಲಿ ಕುಲಕರ್ಣಿ ಅಂತ ಬರೆಯಿರಿ. ಬಾಯಲ್ಲಿ ಅದು ಕುಲ್ಕರ್ಣಿ ಆಗುತ್ತದೆ. ಹಳ್ಳಿಯಲ್ಲಿ ಗೌರವಕ್ಕೆ ಕುಲಕರ್ಣ್ಯಾರು.

ನಮ್ಮ ಮನೆತನಕ್ಕೆ ಯಾವ ಊರಿನ ಕುಲಕರ್ಣಿಕೆ ಇತ್ತು ಅಂತ ಹೇಗೆ ಪತ್ತೆ ಮಾಡುವುದು?

ಮೊದಲು ಮನೆಯಲ್ಲಿರುವ ಹಿರಿಯರನ್ನು ಕೇಳಿ. ಊರು, ಗೋತ್ರ, ಕುಲದೇವರು, ಮುತ್ತಜ್ಜನ ಹೆಸರು, ಈ ನಾಲ್ಕು ಸಿಕ್ಕರೆ ಅರ್ಧ ಕೆಲಸ ಆಯಿತು. ಆ ಊರಿನ ಹಳೆಯ ಸರ್ವೆ ನಂಬರುಗಳ ದಾಖಲೆಯನ್ನು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಕೇಳಿ. ಇನಾಮು ಜಮೀನಿನ ಮುಂದೆ ವತನದ ಉಲ್ಲೇಖ ಸಿಗಬಹುದು. ನಾಸಿಕ, ಕಾಶಿ, ಗಯಾದ ಪಂಡಾಗಳ ವಹಿಯಲ್ಲಿ ತೀರ್ಥಕ್ಕೆ ಹೋದ ಹಿರಿಯರ ಹೆಸರು, ಊರು ತಲೆಮಾರುಗಳಿಂದ ಬರೆದಿರುತ್ತಾರೆ. ಪೇಶ್ವೆ ಕಾಲದ್ದು ಬೇಕಿದ್ದರೆ ಪುಣೆಯ ಪೇಶ್ವೆ ದಫ್ತರ ಇದೆ. ಆದರೆ ಅಲ್ಲಿ ರಾಶಿ ರಾಶಿ ಮೋಡಿ ಕಾಗದ. ಮೋಡಿ ಓದುವವರನ್ನು ಜೊತೆಗೆ ಕರೆದುಕೊಂಡು ಹೋಗದಿದ್ದರೆ ಬರೀ ಗೆರೆ ನೋಡಿ ವಾಪಸ್ ಬರಬೇಕಾಗುತ್ತದೆ.

ಮನೆಯ ಅಟ್ಟದಲ್ಲಿ ಹಳೆಯ ಗಂಟು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನಿಮ್ಮ ಮನೆತನದ ಹೆಸರಿಗಿಂತ ಹೆಚ್ಚಾಗಿ ಊರಿನ ಉಳಿದವರ ಅಜ್ಜಂದಿರ ಹೆಸರು ಅದರಲ್ಲಿ ಇರುತ್ತದೆ.

ವತನದ ಜಮೀನು ಈಗ ಕೇಳಬಹುದಾ?

ಹುದ್ದೆ ರದ್ದಾದಾಗ ಅದಕ್ಕೆ ಸೇರಿದ ಜಮೀನನ್ನು ಸರ್ಕಾರ ವಾಪಸ್ ಪಡೆಯಿತು. ನಿಗದಿತ ಹಣ ಕಟ್ಟಿಸಿಕೊಂಡು ಆಗಿನ ಹಕ್ಕುದಾರರಿಗೆ ಮರುಮಂಜೂರು ಮಾಡುವ ಅವಕಾಶವನ್ನೂ ಕಾಯಿದೆಯಲ್ಲೇ ಕೊಟ್ಟಿತ್ತು. ಮರುಮಂಜೂರಿಗೆ ಮುಂಚೆ ಮಾರಿದ್ದು, ಗೇಣಿಗೆ ಕೊಟ್ಟದ್ದು, ಅಣ್ಣತಮ್ಮಂದಿರಲ್ಲಿ ಒಬ್ಬರ ಹೆಸರಿಗೇ ಆದದ್ದು, ಇಂಥ ವ್ಯಾಜ್ಯಗಳು ಕೋರ್ಟಿನಲ್ಲಿ ದಶಕಗಟ್ಟಲೆ ನಡೆದಿವೆ. ಅಡ್ಡಹೆಸರು ಕುಲಕರ್ಣಿ ಅನ್ನುವುದು ಯಾವ ಹಕ್ಕಿಗೂ ಸಾಕ್ಷಿಯಲ್ಲ. ಮರುಮಂಜೂರಾತಿ ಆದೇಶ ಮನೆಯಲ್ಲಿ ಇದೆಯಾ ನೋಡಿ. ಇದ್ದರೆ ಅದನ್ನು ಹಿಡಿದು ಕಂದಾಯದ ವಿಷಯ ಬಲ್ಲ ವಕೀಲರ ಹತ್ತಿರ ಹೋಗಿ. ಇಲ್ಲದಿದ್ದರೆ ಮೊದಲು ತಾಲ್ಲೂಕು ಕಚೇರಿಯಲ್ಲಿ ಅದರ ನಕಲಿಗೆ ಅರ್ಜಿ ಹಾಕಿ.